ಕೇಬಲ್ ಕಾರೂ ನಮ್ಮತ್ತೆಯ ಹಲಸಿನ ಮರವೂ

ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇಸರದ ಸಂಗತಿ. ಏನು ಮಾಡುವುದು, ಬೇರೆ ಯಾರೂ ಹೇಳುತ್ತಿಲ್ಲ!

ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಕೂಲಿಯಾಳುಗಳ ಲೈನ್ ಮನೆಗಳ ಮುಂದೆ ಪುಸ್ತಕ ಹಿಡಿದು ನಿಂತು, ಯಾರು ಬಂದರು, ಯಾರು ಬರಲಿಲ್ಲ, ಯಾವ ಬ್ಲಾಕಿಗೆ ಎಷ್ಟು ಜನ ಹೋದರು, ಟ್ರ್ಯಾಕ್ಟರ್ ಗುಡ್ಡಕ್ಕೆ ಎಷ್ಟು ಸಲ ಹತ್ತಿ ಇಳಿಯಿತು ಎಂದು ಬರೆಯುವುದೇ ನನ್ನ ಉದ್ಯೋಗ. ನಾನು ಅರ್ಧ ದಿನ ಎಂದು ಬರೆದರೆ ಅದು ಅರ್ಧ ದಿನವೇ, ಬ್ರಹ್ಮ ಬಂದರೂ ಮುಕ್ಕಾಲಾಗದು. ಇಂಥ ಅಧಿಕಾರವುಳ್ಳ ಮನುಷ್ಯನಿಗೆ ತಾನು ಹೇಳಿದ್ದೆಲ್ಲ ನಡೆದೇ ತೀರುತ್ತದೆ ಎಂಬ ಭ್ರಮೆ ಹುಟ್ಟುವುದು ಸಹಜ. ನನಗೂ ಹುಟ್ಟಿತ್ತು.

ಮಾತು ಕೊಟ್ಟದ್ದು ಭಾಮೈದನ ಮಗುವಿನ ನಾಮಕರಣದ ದಿನ, ಸೋಮವಾರಪೇಟೆಯ ಅವನ ಮನೆಯಲ್ಲಿ, ಸುಮಾರು ನಲವತ್ತು ನೆಂಟರ ಸಮಕ್ಷಮ. ನಮ್ಮತ್ತೆ ಗೌರಮ್ಮ, ಮಾವನವರು ಹೋದ ಮೇಲೆ, ನಮ್ಮ ಜೊತೆಯಲ್ಲೇ ಇದ್ದಾರೆ. ಎರಡೂ ಮೊಣಕಾಲು ಕೈಕೊಟ್ಟಿವೆ. ಅಂಗಳದಿಂದ ಜಗಲಿಗೆ ಹತ್ತಬೇಕಾದರೆ ಮೂರು ಸಲ ಶಿವನನ್ನು ಕರೆಯುತ್ತಾರೆ, ಮೆಟ್ಟಿಲು ಇರುವುದೂ ಮೂರೇ.

ಅವತ್ತು ಊಟವಾದ ಮೇಲೆ ಯಾರೋ ಹಲಸಿನ ಹಣ್ಣಿನ ಮಾತು ತೆಗೆದರು. ಅತ್ತೆ ಸುಮ್ಮನೆ ಗೋಡೆ ನೋಡುತ್ತಾ, "ನಾನೂ ಒಂದು ಹಲಸಿನ ಮರ ಮಾಡಿದ್ದೆ. ಈಗ ಇದ್ಯೋ, ಕಡಿದು ಹಾಕಿದ್ರೋ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕಿತ್ತು" ಎಂದರು.

ಆ ಮರದ ಕತೆ ನನಗೆ ಗೊತ್ತಿತ್ತು. ನಮ್ಮ ಎಸ್ಟೇಟಿನಿಂದ ನಾಲ್ಕು ಮೈಲು ದೂರದಲ್ಲಿ ಒಂದು ಗುಡ್ಡವಿದೆ. ಹಿಂದೆ ಅದು ಕಾಫಿ ತೋಟ. ಅತ್ತೆ ಅಲ್ಲಿ ಮೂವತ್ತು ವರ್ಷ ಪಿಕ್ಕಿಂಗ್ ಮಾಡಿದವರು. ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ, ಮಧ್ಯಾಹ್ನ ಎಲ್ಲ ಹೆಂಗಸರೂ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರಂತೆ. ಒಂದು ದಿನ ಹಲಸಿನ ಹಣ್ಣು ತಿಂದು ಬೀಜವೊಂದನ್ನು ಬಂಡೆಯ ಪಕ್ಕ ಊರಿ, ದಿನಾ ಬುತ್ತಿ ತೊಳೆದ ನೀರನ್ನೇ ಹಾಕಿ ಅತ್ತೆ ಅದನ್ನು ಗಿಡ ಮಾಡಿದರು. ಅವರು ಕೆಲಸ ಬಿಡುವ ಹೊತ್ತಿಗೆ ಅದು ಆಳೆತ್ತರ ಆಗಿತ್ತು. ಆಮೇಲೆ ತೋಟ ಕೈಬದಲಾಯಿತು. ಕೊಂಡವರು ಕಾಫಿ ಗಿಡ ಕಿತ್ತು ಥೀಮ್ ಪಾರ್ಕ್ ಮಾಡಿದರು. ಕೆಳಗೆ ನೀರಿನ ಜಾರುಬಂಡೆ, ತಿರುಗುವ ತಟ್ಟೆ, ಸಿಮೆಂಟಿನ ಆನೆ. ದುಬಾರೆಯಲ್ಲಿ ಜೀವಂತ ಆನೆಗಳೇ ಸ್ನಾನ ಮಾಡುತ್ತಾ ಬಿದ್ದಿರುವಾಗ ಸಿಮೆಂಟಿನದು ಯಾಕೆಂದು ನನ್ನನ್ನು ಕೇಳಬೇಡಿ. ಗುಡ್ಡದ ನೆತ್ತಿ ಈಗ ವ್ಯೂ ಪಾಯಿಂಟ್. ಕೆಳಗಿನಿಂದ ಅಲ್ಲಿಗೆ ಕೇಬಲ್ ಕಾರ್.

"ಅಷ್ಟೇನಾ ಅತ್ತೆ? ಬರೋ ಭಾನುವಾರ ಕರ್ಕೊಂಡು ಹೋಗ್ತೀನಿ! ಕಾಲು ಊರೋದೇ ಬೇಡ. ಕೇಬಲ್ ಕಾರಲ್ಲಿ ಕೂತ್ಕೊಳಿ, ಐದು ನಿಮಿಷದಲ್ಲಿ ಬಂಡೆ ಮೇಲೆ ಇಳೀರಿ" ಎಂದೆ.

ನಲವತ್ತು ಜನರೂ ನನ್ನತ್ತ ತಿರುಗಿದರು. ಒಬ್ಬ ಹಿರಿಯರು "ಅಳಿಯ ಅಂದ್ರೆ ಹಿಂಗಿರ್ಬೇಕು" ಎಂದುಬಿಟ್ಟರು. ಆ ಒಂದು ಮಾತು ನನ್ನ ತಲೆಗೇರಿದ್ದು ಇಳಿಯಲು ಒಂದು ವಾರ ಹಿಡಿಯಿತು.

ನನ್ನ ಹೆಂಡತಿ ಲಲಿತ ಮಾತ್ರ ದಾರಿಯಲ್ಲೇ ಶುರು ಮಾಡಿದಳು. "ರೀ, ಅದು ಓಡ್ತಾ ಇದ್ಯಾ? ಯಾವುದಕ್ಕೂ ಒಂದು ಫೋನ್ ಮಾಡಿ ಕೇಳಿ."

"ಕಣ್ಣಾರೆ ನೋಡಿದ್ದೀನಿ ಕಣೇ! ಹೋದ ತಿಂಗಳು ಬಸ್ಸಲ್ಲಿ ಬರುವಾಗ ನೋಡಿದೆ. ನೀಲಿ ಡಬ್ಬ, ಹಳದಿ ಡಬ್ಬ, ಎರಡೂ ಮರಗಳ ಮೇಲೆ ತೇಲ್ಕೊಂಡು ಹೋಗ್ತಾ ಇದ್ವು."

"ಒಂದು ಫೋನಿಗೆ ಏನು ಕಷ್ಟ?"

"ಕಣ್ಣಾರೆ ಕಂಡದ್ದಕ್ಕೆ ಫೋನ್ ಯಾಕೆ?"

ಈ ವಾಕ್ಯವನ್ನು ಲಲಿತ ಈಚೆಗೆ ದಿನಕ್ಕೆ ಎರಡು ಸಲವಾದರೂ ನನಗೆ ಮರಳಿಸುತ್ತಿದ್ದಾಳೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಅತ್ತೆ ನಮಗಿಂತ ಮೊದಲೇ ಎದ್ದು ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ರುಬ್ಬಿ, ಬಾಳೆಲೆಯಲ್ಲಿ ಸುತ್ತಿ, ಹಳೆಯ ಬುತ್ತಿ ಡಬ್ಬಿಗೆ ತುಂಬಿದ್ದರು. ವಾಸನೆಗೆ ನಾನು ಕೈ ಹಾಕಿದೆ. "ಬೇಡ ಅಳೀಮಯ್ಯ, ಇದು ಬಂಡೆ ಮೇಲೆ ಕೂತು ತಿನ್ನೋಕೆ" ಎಂದು ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡರು. ಸರಿ, ಇನ್ನೊಂದು ಗಂಟೆಯ ಮಾತು ತಾನೇ ಎಂದು ನಾನು ಬರೀ ಕಾಫಿ ಕುಡಿದು ಹೊರಟೆ. ಅವತ್ತಿನ ನನ್ನ ತಪ್ಪುಗಳಲ್ಲಿ ಇದನ್ನು ಸಣ್ಣದೆಂದು ಯಾರೂ ಭಾವಿಸಬಾರದು.

ಆಟೋದಲ್ಲಿ ಅತ್ತೆ ಹೊಸ ಸೀರೆಯಲ್ಲಿ ಮಕ್ಕಳ ಹಾಗೆ ಹೊರಗೆ ಬಗ್ಗಿ ನೋಡುತ್ತಿದ್ದರು. ಗುಡ್ಡ ಕಂಡ ಕೂಡಲೇ, "ಅಳೀಮಯ್ಯ, ನಾವು ಮೊದ್ಲೆಲ್ಲ ಹಿಂದ್ಗಡೆಯಿಂದ..." ಎಂದು ಏನೋ ಹೇಳಹೊರಟರು.

"ಮೊದಲಿನ ಮಾತು ಬಿಡಿ ಅತ್ತೆ. ಈಗೇನಿದ್ರೂ ಆಕಾಶ ಮಾರ್ಗ!" ಎಂದೆ. ಅತ್ತೆ ಸುಮ್ಮನಾದರು. ಅಳಿಯನ ಮಾತಿಗೆ ಎದುರಾಡುವ ಪದ್ಧತಿ ಅವರಿಗಿಲ್ಲ. ಆ ಪದ್ಧತಿಯನ್ನು ಅವರ ಮಗಳಿಗೂ ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಟಿಕೆಟ್ ಕಿಟಕಿಯಲ್ಲಿದ್ದ ಹುಡುಗಿ "ಎಲ್ಲ ರೈಡೂ ಸೇರಿ ಸಾರ್" ಎಂದು ಮೂರು ಟಿಕೆಟ್ ಹರಿದುಕೊಟ್ಟಳು. ಕೊಟ್ಟ ಟಿಕೆಟ್ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಕಿಟಕಿಯ ಮೇಲೆ ದೊಡ್ಡದಾಗಿ ಬರೆದಿತ್ತು. ಯಾರು ಹಿಂದಕ್ಕೆ ಕೊಡುತ್ತಾರೆ ಎಂದು ನಾನು ನಕ್ಕೆ.

ಅತ್ತೆಯನ್ನು ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಲಲಿತ ಹಿಡಿದು, ಸಿಮೆಂಟಿನ ಆನೆಯನ್ನು ಬಳಸಿಕೊಂಡು ಕೇಬಲ್ ಕಾರಿನ ನಿಲ್ದಾಣಕ್ಕೆ ಹೋದೆವು. ಬಾಗಿಲಿಗೆ ಬೀಗ. ಪಕ್ಕದ ಕಂಬದಲ್ಲಿ ಒಂದು ಬೋರ್ಡು: "ತಾಂತ್ರಿಕ ಕಾರಣಗಳಿಂದ ತಾತ್ಕಾಲಿಕವಾಗಿ ಸ್ಥಗಿತ. ಸಹಕರಿಸಿ."

ತಾತ್ಕಾಲಿಕ ತಾನೇ, ಮಧ್ಯಾಹ್ನದ ಹೊತ್ತಿಗೆ ಸರಿಹೋಗಬಹುದು ಎಂದು ನಾನು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಬೋರ್ಡಿನ ಕಂಬವನ್ನು ಮುಟ್ಟಿ ನೋಡಿ, "ಅಳೀಮಯ್ಯ, ಮೆಣಸು ಹಣ್ಣಾಗಿದೆ" ಎಂದರು.

ನೋಡಿದೆ. ಕಂಬಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿ, "ತಾತ್ಕಾಲಿಕ"ದ ಅರ್ಧ ಮುಚ್ಚಿ, ತುಂಬ ಗೊಂಚಲು ಬಿಟ್ಟು, ಕೆಂಪಗೆ ಹಣ್ಣಾಗಿ ನಿಂತಿತ್ತು. ಕೊಡಗಿನಲ್ಲಿ ಕ್ಯಾಲೆಂಡರ್ ಸುಳ್ಳು ಹೇಳಬಹುದು, ಮೆಣಸಿನ ಬಳ್ಳಿ ಹೇಳುವುದಿಲ್ಲ. ಬುಡದಲ್ಲಿ ಬೇರುಬಿಟ್ಟು, ಮೇಲಕ್ಕೆ ಹತ್ತಿ, ಈ ಪರಿ ಫಸಲು ಕೊಡಬೇಕಾದರೆ ಕಡಿಮೆಯೆಂದರೂ ಮೂರು ವರ್ಷ ಬೇಕು!

ಸೆಕ್ಯುರಿಟಿಯವನು ಬಂದ. "ಎಷ್ಟು ದಿವಸದಿಂದ ನಿಂತಿದೆ ಮಾರಾಯ?" ಎಂದು ಕೇಳಿದೆ.

"ನಾನು ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು ಸಾರ್. ಓಡಿದ್ದು ನೋಡಿಲ್ಲ."

"ಮತ್ತೆ ಇಲ್ಲಿ ಎಂತ ಕಾಯ್ತಾ ಇದ್ದೀಯ?"

"ಯಾರೂ ಹತ್ತದ ಹಾಗೆ ಕಾಯೋದು ಸಾರ್."

ಲಲಿತ ತಲೆಯೆತ್ತಿ ತಂತಿಯ ಕಡೆ ನೋಡಿದಳು. ನೀಲಿ ಡಬ್ಬವೂ ಹಳದಿ ಡಬ್ಬವೂ ಅರ್ಧ ದಾರಿಯಲ್ಲಿ ನೇತಾಡುತ್ತಿದ್ದವು. ಹಳದಿಯದರ ಕಿಟಕಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು.

"ತೇಲ್ಕೊಂಡು ಹೋಗ್ತಾ ಇದ್ವು ಅಂದ್ರಿ?" ಎಂದಳು.

ಈಗ ನನ್ನ ಕಡೆಯ ನ್ಯಾಯವನ್ನೂ ಓದುಗರು ಕೇಳಬೇಕು. ಡಬ್ಬ ನಿಂತಿತ್ತು, ಒಪ್ಪಿದೆ. ಆದರೆ ನಾನು ನೋಡಿದ್ದು ಬಸ್ಸಿನಿಂದ. ಬಸ್ಸು ಓಡುತ್ತಿತ್ತಲ್ಲ! ಓಡುವ ಬಸ್ಸಿನಲ್ಲಿ ಕೂತವನಿಗೆ ನಿಂತ ಡಬ್ಬ ಓಡಿದ ಹಾಗೆ ಕಂಡರೆ ಅದು ಯಾರ ತಪ್ಪು? ಇದನ್ನು ನಾನು ಲಲಿತಳಿಗೆ ವಿವರಿಸಿದೆ. ಅವಳು ಅಮ್ಮನನ್ನು ನೆರಳಿನಲ್ಲಿ ಕಲ್ಲಿನ ಮೇಲೆ ಕೂರಿಸಿ, ನನಗೆ ಬೆನ್ನು ಹಾಕಿ ನಿಂತಳು. ಅತ್ತೆ ಬುತ್ತಿಯ ಡಬ್ಬಿಯನ್ನು ಮಡಿಲಿಟ್ಟುಕೊಂಡು ಗುಡ್ಡದ ನೆತ್ತಿಯನ್ನೇ ನೋಡುತ್ತಿದ್ದರು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ನಾನು ನೇರ ಮ್ಯಾನೇಜರ ಆಫೀಸಿಗೆ ನುಗ್ಗಿದೆ. ಮ್ಯಾನೇಜರ್ ಬಹಳ ಸಂಭಾವಿತರು. ಎದ್ದು ನಿಂತು, ಕುರ್ಚಿ ಕೊಟ್ಟು, ನನ್ನ ಜೊತೆಗೆ ತಾವೂ ಬೇಸರಪಟ್ಟರು.

"ಒಂದು ಪಾರ್ಟ್ ಬರ್ಬೇಕು ಸಾರ್, ವಿದೇಶದಿಂದ. ಕೇರಳಕ್ಕೆ ಬಂದು ಇಳಿದಿದೆ, ಮಾಕುಟ್ಟದ ಗಡಿ ದಾಟಿ ಬರ್ತದೆ ಅಂದಿದ್ದಾರೆ."

"ಯಾವಾಗ ಅಂದದ್ದು?"

"ಹೋದ ವರ್ಷ."

ಮಾಕುಟ್ಟದಿಂದ ಇಲ್ಲಿಗೆ ಆ ಪಾರ್ಟನ್ನು ಆನೆಯ ಮೇಲೆ ಹೊರಿಸಿ, ಆನೆಗೆ ದಾರಿಯಲ್ಲಿ ಕಬ್ಬು ತಿನ್ನಿಸಿ, ಸ್ನಾನ ಮಾಡಿಸಿ ಕರೆತಂದಿದ್ದರೂ ಇಷ್ಟು ಹೊತ್ತಿಗೆ ಬರುತ್ತಿತ್ತು. ಇದನ್ನು ಹೇಳಿದೆ. ಅವರು ಅದಕ್ಕೂ ಬೇಸರಪಟ್ಟರು.

"ವಯಸ್ಸಾದವರು, ಕಾಲಿಲ್ಲದವರು ಮೇಲೆ ಹೋಗೋದು ಹೇಗೆ?"

"ಮೆಟ್ಟಿಲಿದೆ ಸಾರ್. ಮುನ್ನೂರ ಎಂಬತ್ತು."

"ಬೇರೆ ದಾರಿಯೇ ಇಲ್ವಾ?"

"ಪಬ್ಲಿಕ್ಕಿಗೆ ಮೆಟ್ಟಿಲೊಂದೇ ಸಾರ್."

"ಗಾಲಿಕುರ್ಚಿಯಾದರೂ ಕೊಡಿ. ಅತ್ತೆಯವರು ಪಾರ್ಕಿನೊಳಗಾದರೂ ಓಡಾಡಲಿ."

ಮ್ಯಾನೇಜರ ಮುಖ ಇನ್ನಷ್ಟು ಬಾಡಿತು. "ಗಾಲಿಕುರ್ಚಿ ಇದೆ ಸಾರ್. ಆದ್ರೆ ಅದು ಮೇಲಿದೆ."

"ಮೇಲೆ ಯಾಕಿದೆ?"

"ಕೊನೇ ಟ್ರಿಪ್ಪಿನಲ್ಲಿ ಹೋಗಿತ್ತು ಸಾರ್."

ನಡೆಯಲಾಗದವರು ಗಾಲಿಕುರ್ಚಿ ಬೇಕೆಂದರೆ ಮುನ್ನೂರ ಎಂಬತ್ತು ಮೆಟ್ಟಿಲು ಹತ್ತಿ ಹೋಗಿ ಅದರಲ್ಲಿ ಕೂರಬೇಕು! ಇಂಥ ಏರ್ಪಾಡು ಲೋಕದಲ್ಲಿ ಬೇರೆಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಆಗ ನನ್ನ ಎಸ್ಟೇಟ್ ಬುದ್ಧಿ ಕೆಲಸ ಮಾಡಿತು. ತೋಟದಲ್ಲಿ ಯಾರಾದರೂ ಏಣಿಯಿಂದ ಬಿದ್ದರೆ ನಾವೇನು ಕೇಬಲ್ ಕಾರಿಗೆ ಕಾಯುತ್ತೇವೆಯೇ? ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತೇವೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ಹೊರಿಸಿದ್ದೇನೆ! ಹೊರಿಸಿದ್ದೇನೆ, ಹೊತ್ತಿಲ್ಲ. ಈ ಸಣ್ಣ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಕ್ಯಾಂಟೀನಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದೆ. ಹಿಂದಿನ ಕಾಲುಗಳನ್ನು ನಾನು ಹಿಡಿದೆ, ಮುಂದಿನದನ್ನು ಸೆಕ್ಯುರಿಟಿಯವನು. ಅತ್ತೆ ಕೂರಲು ಒಪ್ಪಲಿಲ್ಲ.

"ಅಳೀಮಯ್ಯ, ಬೇಡ. ಹಿಂದ್ಗಡೆ..."

"ಹಿಂದ್ಗಡೆ ನಾನಿದ್ದೀನಿ ಅತ್ತೆ, ಭಯ ಬೀಳ್ಬೇಡಿ. ಕೂತ್ಕೊಳಿ!"

ಕೂತರು. ಎತ್ತಿದೆವು. ಮೊದಲ ಐದು ಮೆಟ್ಟಿಲನ್ನು ನಾವು ಹತ್ತಿದ ಗಾಂಭೀರ್ಯವನ್ನು ನೋಡಿ ಇಬ್ಬರು ಪ್ರವಾಸಿಗರು ಫೋಟೋ ತೆಗೆದರು. ಎಂಟನೆಯದರಲ್ಲಿ ನನ್ನ ಸೊಂಟ ಮಾತಾಡತೊಡಗಿತು. ಹನ್ನೊಂದನೆಯದರಲ್ಲಿ ಅತ್ತೆ, "ಇಳ್ಸಿ ಅಳೀಮಯ್ಯ, ನಿಮ್ಮ ಉಸಿರು ನನ್ನ ನೆತ್ತಿಗೆ ಬಿಸಿಬಿಸಿಯಾಗಿ ತಾಗ್ತಿದೆ" ಎಂದರು. ಹದಿನಾಲ್ಕನೆಯದರಲ್ಲಿ ಕುರ್ಚಿಯ ಒಂದು ಕಾಲು ನನ್ನ ಕೈಯಲ್ಲೇ ಉಳಿಯಿತು! ಪುಣ್ಯಕ್ಕೆ ಲಲಿತ ಪಕ್ಕದಲ್ಲೇ ಬರುತ್ತಿದ್ದವಳು ಅಮ್ಮನನ್ನು ಹಿಡಿದುಕೊಂಡಳು. ನನ್ನನ್ನು ಯಾರೂ ಹಿಡಿಯಲಿಲ್ಲ. ಆ ಹದಿನಾಲ್ಕು ಮೆಟ್ಟಿಲು ಇಳಿಯಲು ಅತ್ತೆಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಸಲ ಶಿವನನ್ನು ಕರೆದದ್ದನ್ನು ಕೇಳಿ ನನಗೇ ಕರುಳು ಹಿಂಡಿತು.

ಮುರಿದ ಕುರ್ಚಿಯ ಕಾಲನ್ನು ಹಿಡಿದುಕೊಂಡೇ ನಾನು ಮತ್ತೆ ಆಫೀಸಿಗೆ ಹೋದೆ. ಮ್ಯಾನೇಜರ್ ಕಾಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಸಲಹಾ ಪುಸ್ತಕವನ್ನು ಮುಂದೆ ಚಾಚಿದರು.

ಬರೆಯುವ ಪುಸ್ತಕ ಕಂಡರೆ ನಾನು ಬೇರೆಯೇ ಮನುಷ್ಯ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಆರಂಭಿಸಿ, ನಡೆಯಲಾಗದವರ ಕಷ್ಟ, ನಿಂತ ತಂತಿ, ಮೇಲುಳಿದ ಗಾಲಿಕುರ್ಚಿ, ಫಸಲಿಗೆ ಬಂದ ಬೋರ್ಡು, ಎಲ್ಲವನ್ನೂ ಎರಡೂವರೆ ಪುಟ ಬರೆದೆ. ನನ್ನ ಕಣ್ಣೇ ಮಂಜಾಯಿತು. ಮ್ಯಾನೇಜರ್ ಪೂರ್ತಿ ಓದಿದರು. ಕೊನೆಗೆ ಪುಸ್ತಕ ಮುಚ್ಚಿ, "ಅಕ್ಷರ ತುಂಬಾ ಚೆನ್ನಾಗಿದೆ ಸಾರ್" ಎಂದರು.

ಅವರ ಕೈಯಿಂದ ಪುಸ್ತಕ ಕಿತ್ತುಕೊಂಡು ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲವೂ ಅದೇ! ಯಾರದೋ ಅಜ್ಜಿ, ಯಾರದೋ ಕಾಲು ಮುರಿದ ತಮ್ಮ, ಯಾರದೋ ತುಂಬು ಬಸುರಿ ಹೆಂಡತಿ. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ "ಗಮನಿಸಲಾಗುವುದು". ಇಪ್ಪತ್ತೆರಡು ವರ್ಷ ಪುಸ್ತಕ ಬರೆದವನಿಗೆ ಯಾರೂ ಓದದ ಪುಸ್ತಕ ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಹೊರಗೆ ಬಂದಾಗ ಲಲಿತ, "ಸಾಕು, ಮನೆಗೆ ಹೋಗಣ. ಅವ್ವನ ಮುಖ ನೋಡಿ" ಎಂದಳು. ನೋಡಿದೆ. ಅತ್ತೆ ನಗಲು ಪ್ರಯತ್ನ ಮಾಡುತ್ತಿದ್ದರು. "ಹೋಗ್ಲಿ ಬಿಡಿ ಅಳೀಮಯ್ಯ. ಮರ ಎಲ್ಲಿಗೆ ಹೋಗ್ತದೆ? ಇದ್ರೆ ಇರ್ತದೆ" ಎಂದರು. ಆ ಮಾತು ನನ್ನ ಎದೆಗೆ ನಾಟಿತು. ಮುಂದಿನ ವರ್ಷ ಈ ಕಾಲು ಇಷ್ಟಾದರೂ ನಡೆಯುತ್ತದೆ ಎಂದು ಯಾರು ಹೇಳಬೇಕು?

"ನಾನು ಹತ್ತುತ್ತೀನಿ! ವಿಡಿಯೋ ಕಾಲ್ ಮಾಡಿ ಮರ ತೋರಿಸ್ತೀನಿ. ಇಲ್ಲೇ ಕೂತು ನೋಡಿ ಅತ್ತೆ!" ಎಂದು ಘೋಷಿಸಿ ಮೆಟ್ಟಿಲ ಕಡೆ ನಡೆದುಬಿಟ್ಟೆ.

ಮುನ್ನೂರ ಎಂಬತ್ತು ಮೆಟ್ಟಿಲು. ಬರೀ ಕಾಫಿಯ ಹೊಟ್ಟೆ. ನೂರನೆಯದರಲ್ಲಿ ಬೆವರು, ಇನ್ನೂರನೆಯದರಲ್ಲಿ ಪಶ್ಚಾತ್ತಾಪ, ಮುನ್ನೂರನೆಯದರಲ್ಲಿ ಕುಲದೇವರು. ಒಂದು ಮಗು ನನ್ನನ್ನು ದಾಟಿ ಮೇಲೆ ಹೋಗಿ, ಐಸ್‌ಕ್ರೀಮ್ ತಿಂದು, ಕೆಳಗಿಳಿದು ಬರುವಾಗಲೂ ನಾನು ಅದೇ ತಿರುವಿನಲ್ಲಿದ್ದೆ. ಕೊನೆಗೂ ನೆತ್ತಿ ತಲುಪಿದಾಗ ಅಲ್ಲಿ ಒಂದು ಅಂಗಡಿ, ಮಾಡಿನವರೆಗೂ ಪೇರಿಸಿದ ಸೋಡಾ ಕ್ರೇಟುಗಳು. ಅಂಗಡಿಯ ಹೆಂಗಸು ಕೊಟ್ಟ ಎರಡು ತಣ್ಣನೆಯ ಸೋಡಾ ಒಂದೇ ಉಸಿರಿಗೆ ಕುಡಿದೆ. ಜೀವ ಬಂತು.

ಬಂಡೆ ಇತ್ತು! ಕಬ್ಬಿಣದ ಬೇಲಿಯ ತೆರೆದ ಗೇಟಿನ ಆಚೆ, ಅತ್ತೆ ಹೇಳಿದ ಹಾಗೆಯೇ ಚಪ್ಪಟೆಯಾಗಿ. ಪಕ್ಕದಲ್ಲಿ ದೊಡ್ಡದೊಂದು ಮರ, ಬೆಳೆದು ಆಕಾಶಕ್ಕೆ ಹೋಗಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ಬಂಡೆಯ ಮೇಲೆ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ನಿಂತು ಲಲಿತಳಿಗೆ ಕರೆ ಮಾಡಿ, "ಅತ್ತೆಗೆ ಕೊಡು! ಅತ್ತೆ, ನೋಡಿ! ನಿಮ್ಮ ಹಲಸಿನ ಮರ! ಹೇಗೆ ಬೆಳೆದಿದೆ ನೋಡಿ!" ಎಂದು ಕೂಗಿದೆ. ಸುತ್ತಲಿದ್ದ ಪ್ರವಾಸಿಗರು ಚಪ್ಪಾಳೆ ತಟ್ಟಿದರು.

ಅತ್ತೆ ಫೋನನ್ನು ಕಣ್ಣಿಗೆ ಅಂಟಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಅಳೀಮಯ್ಯ, ಅದು ಹೆಬ್ಬಲಸು" ಎಂದರು.

ಹೆಬ್ಬಲಸು ಕಾಡು ಮರ, ಹಕ್ಕಿ ತಿಂದು ಹಾಕಿದ ಬೀಜಕ್ಕೆ ತಾನೇ ಹುಟ್ಟುವುದು. ಅದಕ್ಕೂ ಹಲಸಿಗೂ ವ್ಯತ್ಯಾಸ ಗೊತ್ತಿಲ್ಲದವನು ತೋಟದ ರೈಟರಾಗಿ ಇಪ್ಪತ್ತೆರಡು ವರ್ಷ ಹೇಗೆ ಸಂಬಳ ತೆಗೆದುಕೊಂಡ ಎಂದು ನೀವು ಕೇಳಬಹುದು. ನಮ್ಮ ದೊರೆಗಳು ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

"ಹಲಸು ಬಂಡೆಯ ಮೂಡಗಡೆಗೆ ಇತ್ತು. ಸ್ವಲ್ಪ ತಿರುಗಿ" ಎಂದರು ಅತ್ತೆ. ತಿರುಗಿದೆ. "ಇನ್ನೂ ತಿರುಗಿ." ತಿರುಗಿದೆ. "ಸ್ವಲ್ಪ ಹಿಂದಕ್ಕೆ ಬಂದು ತೋರ್ಸಿ." ಫೋನನ್ನು ಮುಂದಕ್ಕೆ ಹಿಡಿದು, ಅದರೊಳಗೇ ನೋಡುತ್ತಾ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಬಂಡೆ ಅಲ್ಲಿಗೆ ಮುಗಿದಿತ್ತು!

ಎತ್ತರವೇನೂ ಇರಲಿಲ್ಲ, ಮೊಣಕಾಲುದ್ದ ಅಷ್ಟೇ. ಆದರೆ ಪಾದ ಅತ್ತ, ನಾನು ಇತ್ತ. ಅಂಗಾತ ಬಿದ್ದಲ್ಲಿಂದ ಫೋನಿನಲ್ಲಿ ಅತ್ತೆಯ ದನಿ ಕೇಳುತ್ತಿತ್ತು: "ಆಕಾಶ ಚೆನ್ನಾಗಿ ಕಾಣ್ತಿದೆ ಅಳೀಮಯ್ಯ. ಮರ ಎಲ್ಲಿ?"

ಕಾಲು ಹಲಸಿನ ಹಣ್ಣಿನಷ್ಟು ಊದಿತು. ಊರಲು ಹೋದರೆ ಜೀವ ಹೋಗುತ್ತಿತ್ತು. ಅಂಗಡಿಯ ಹೆಂಗಸು ಕೇಬಲ್ ಕಾರಿನ ಮೇಲಿನ ನಿಲ್ದಾಣದೊಳಗಿಂದ ಧೂಳು ಮುಚ್ಚಿದ ಒಂದು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಹೌದು, ಅದೇ ಗಾಲಿಕುರ್ಚಿ! ನನ್ನನ್ನು ಅದರಲ್ಲಿ ಕೂರಿಸಿದರು.

"ಇನ್ನು ಇಳಿಯೋದು ಹೇಗಮ್ಮಾ, ಮುನ್ನೂರ ಎಂಬತ್ತು ಮೆಟ್ಟಿಲು!" ಎಂದು ನಾನು ಗೋಳಾಡಿದೆ.

"ಮೆಟ್ಟಿಲು ಯಾಕೆ? ಈಗ ಡ್ರೈವರ್ ಮೊಯ್ದು ಟ್ರ್ಯಾಕ್ಟರ್ ತರ್ತಾರಲ್ಲ, ಸೋಡಾ ತಗೊಂಡು" ಎಂದಳು ಆಕೆ.

ಅಂಗಡಿಯ ಹಿಂದಿನಿಂದ ಗಡಗಡ ಸದ್ದು ಕೇಳಿತು. ಒಂದು ಟ್ರ್ಯಾಕ್ಟರ್, ಟ್ರೇಲರಿನ ತುಂಬ ಐಸ್‌ಕ್ರೀಮೂ ಸೋಡಾವೂ ಹೇರಿಕೊಂಡು, ಆರಾಮವಾಗಿ, ಅಚ್ಚುಕಟ್ಟಾದ ರಸ್ತೆಯಲ್ಲಿ ಹತ್ತಿ ಬಂದು ನನ್ನೆದುರು ನಿಂತಿತು.

ಕಾಫಿ ತೋಟವೆಂದ ಮೇಲೆ ಗುಡ್ಡದ ನೆತ್ತಿಗೆ ಟ್ರ್ಯಾಕ್ಟರ್ ರಸ್ತೆ ಇರಲೇಬೇಕು. ಇಲ್ಲದಿದ್ದರೆ ಮೂಟೆಗಳು ಕೆಳಗಿಳಿಯುವುದು ಹೇಗೆ? ಇದು ಕೊಡಗಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಟ್ರ್ಯಾಕ್ಟರ್ ಎಷ್ಟು ಸಲ ಹತ್ತಿ ಇಳಿಯಿತು ಎಂದು ದಿನಾ ಬರೆಯುವ ಮಹಾಶಯನೊಬ್ಬನಿಗೆ ಮಾತ್ರ ಬೆಳಿಗ್ಗೆಯಿಂದ ಹೊಳೆದಿರಲಿಲ್ಲ! ಮೂರು ವರ್ಷದಿಂದ ತಂತಿ ನಿಂತಿರುವಾಗ ಮೇಲೆ ತಣ್ಣನೆಯ ಸೋಡಾ ಹಾರಿಕೊಂಡು ಬಂತೇ? ಎರಡು ಬಾಟಲಿ ಕುಡಿದರೂ ನನಗೆ ಬುದ್ಧಿ ಬಂದಿರಲಿಲ್ಲ.

ಖಾಲಿ ಕ್ರೇಟುಗಳ ನಡುವೆ ಗಾಲಿಕುರ್ಚಿಯ ಸಮೇತ ನನ್ನನ್ನು ಹಗ್ಗದಲ್ಲಿ ಬಿಗಿದು ಮೊಯ್ದು ಕೆಳಗಿಳಿಸಿದ. ಹತ್ತೇ ನಿಮಿಷ. ರಸ್ತೆ ಪಾರ್ಕಿನ ಹಿಂದುಗಡೆ, ಶೌಚಾಲಯದ ಪಕ್ಕದ ಗೇಟಿಗೆ ಬಂದು ಸೇರಿತು. ಲಲಿತ ಓಡಿ ಬಂದಳು. ಅತ್ತೆಯೂ ಕೋಲೂರಿಕೊಂಡು ಬಂದರು. ಬಂದವರು ನನ್ನನ್ನು ನೋಡುವ ಬದಲು ಡ್ರೈವರನ್ನು ನೋಡಿದರು.

"ಮೊಯ್ದು! ನೀನಿನ್ನೂ ಇದೇ ರಸ್ತೇಲಿ ಇದ್ದೀಯ?"

"ಗೌರಕ್ಕಾ!" ಎಂದು ಅವನು ಟ್ರ್ಯಾಕ್ಟರಿನಿಂದ ಜಿಗಿದ. "ಗಾಡಿ ಹೊಸದು, ಡ್ರೈವರ್ ಹಳೇದು. ಹತ್ತಿ ಬನ್ನಿ ಅಕ್ಕ, ನಿಮ್ಮ ಹಲಸು ನೋಡ್ಲಿಲ್ವಾ?"

ಅತ್ತೆ ಟ್ರ್ಯಾಕ್ಟರ್ ಹಿಡಿದುಕೊಂಡು ನಿಂತುಬಿಟ್ಟರು. "ಇದ್ಯಾ?" ಎಂದರು. ಅಷ್ಟೇ ಕೇಳಿದ್ದು.

"ಇದ್ಯಾ ಅಂತ ಕೇಳ್ತೀರಲ್ಲ! ಅದ್ರ ನೆರಳಲ್ಲೇ ದಿನಾ ನನ್ನ ಮಧ್ಯಾಹ್ನದ ಊಟ."

ನಾನು ಗಾಲಿಕುರ್ಚಿಯಿಂದಲೇ, "ಅತ್ತೆ, ಈ ರಸ್ತೆ ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು ಅಳೀಮಯ್ಯ? ಮೂವತ್ತು ವರ್ಷ ಇದ್ರಲ್ಲೇ ಅಲ್ವಾ ಹೋಗಿ ಬಂದದ್ದು."

"ಮತ್ತೆ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ!"

"ಹೇಳಕ್ಕೆ ಬಂದೆ. ನೀವು ಆಕಾಶ ಮಾರ್ಗ ಅಂದ್ರಿ. ಅಷ್ಟು ಜನ ನೆಂಟರ ಎದುರಿಗೆ ಕೇಬಲ್ ಕಾರು ಅಂತ ಮಾತು ಕೊಟ್ಟಿದ್ರಿ. ಅಳಿಯನ ಮಾತು ತೆಗೆದು ಹಾಕೋದಾ ನಾನು?"

ಲಲಿತ ಅಮ್ಮನ ಕೈ ಹಿಡಿದು ಟ್ರೇಲರಿನ ಕಡೆ ನಡೆದಳು.

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದು ಎರಡೂ ಕೈ ಅಡ್ಡ ಹಿಡಿದರು. "ಇಲ್ಲ ಮೇಡಂ, ರೂಲ್ಸ್ ಇಲ್ಲ. ಇದು ಸಾಮಾನಿಗೆ ಮಾತ್ರ. ಜನ ಹತ್ತಿಸೋ ಹಾಗಿಲ್ಲ."

"ನಮ್ಮ ಯಜಮಾನ್ರನ್ನ ಇಳಿಸಿದ್ರಲ್ಲ?" ಎಂದಳು ಲಲಿತ.

"ಅದು ಎಮರ್ಜೆನ್ಸಿ ಮೇಡಂ."

"ಹಾಗಾದ್ರೆ ಸರಿ. ರೀ, ಪೆನ್ನು ತೆಗೀರಿ. ಆ ಪುಸ್ತಕ ತರ್ಸಿ, ಇನ್ನೊಂದು ಅರ್ಜಿ ಬರೀರಿ. ಈ ಸಲ ಐದು ಪುಟ. ಬರೆದದ್ದನ್ನ ಇವರೆದುರಿಗೆ ಗಟ್ಟಿಯಾಗಿ ಓದಿ."

ನಾನು ಜೇಬಿಗೆ ಕೈ ಹಾಕಿದೆ. ಮ್ಯಾನೇಜರ್ ನನ್ನ ಕೈಯನ್ನು ನೋಡಿದರು, ಅತ್ತೆಯ ಮೊಣಕಾಲನ್ನು ನೋಡಿದರು, ಆಮೇಲೆ ಬಹಳ ಹೊತ್ತು ಸಿಮೆಂಟಿನ ಆನೆಯನ್ನು ನೋಡಿದರು. "ನಾನು ಊಟಕ್ಕೆ ಹೋಗ್ತಾ ಇದ್ದೀನಿ. ನಾನೇನೂ ನೋಡಿಲ್ಲ. ಮೊಯ್ದು, ನಿಧಾನ ಓಡ್ಸು" ಎಂದು ಹೇಳಿ ಹೊರಟುಹೋದರು. ಮನುಷ್ಯ ಕೆಟ್ಟವರಲ್ಲ ಎಂದು ನಾನು ಮೊದಲೇ ಹೇಳಿದ್ದೆನಲ್ಲ.

ಡ್ರಮ್ಮು ಹತ್ತಿಸುವ ಹಲಗೆಯನ್ನು ಟ್ರೇಲರಿಗೆ ಆನಿಸಿ, ನನ್ನನ್ನು ಕುರ್ಚಿಯ ಸಮೇತ ಇಳಿಸಿ, ಮೊಯ್ದುವೂ ಲಲಿತಳೂ ಅತ್ತೆಯನ್ನು ಹತ್ತಿಸಿದರು.

"ಗಾಲಿಕುರ್ಚಿ ಬೇಕಾ ಅತ್ತೆ?" ಎಂದು ಕೇಳಿದೆ.

"ನೀವೇ ಇಟ್ಕೊಳಿ" ಎಂದು ಅತ್ತೆ, ಮೇಲಿನ ಅಂಗಡಿಗೆಂದು ಮೊಯ್ದು ಹೇರಿದ ಅಕ್ಕಿ ಮೂಟೆಯೊಂದರ ಮೇಲೆ ಕೂತರು. ಮೂಟೆಯ ಮೇಲೆ ಹೇಗೆ ಕೂರಬೇಕು, ತಿರುವಿನಲ್ಲಿ ಯಾವ ಕಡೆ ವಾಲಬೇಕು, ಎಲ್ಲ ಅವರ ಮೈಗೆ ನೆನಪಿತ್ತು. ಲಲಿತಳೂ ಹತ್ತಿದಳು. ಬುತ್ತಿಯ ಡಬ್ಬಿಯೂ ಹತ್ತಿತು. ಟ್ರ್ಯಾಕ್ಟರ್ ಹೊರಟುಹೋಯಿತು.

ಸೆಕ್ಯುರಿಟಿಯವನು ನನ್ನನ್ನು ತಳ್ಳಿಕೊಂಡು ಹೋಗಿ ಕೇಬಲ್ ಕಾರಿನ ಬೋರ್ಡಿನ ನೆರಳಿನಲ್ಲಿ ನಿಲ್ಲಿಸಿದ. ಮಧ್ಯಾಹ್ನವಾಗಿತ್ತು. ಹಸಿವು ತಾಳಲಾರದೆ ಬೋರ್ಡಿನ ಬಳ್ಳಿಯಿಂದ ಒಂದು ಹಣ್ಣು ಮೆಣಸು ಕಿತ್ತು ಬಾಯಿಗೆ ಹಾಕಿಕೊಂಡೆ. ಕೇಬಲ್ ಕಾರಿನಿಂದ ಅವತ್ತು ನನಗೆ ದಕ್ಕಿದ್ದು ಅಷ್ಟೇ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನನ್ನನ್ನೂ ಬೀಗವನ್ನೂ ನೋಡಿ, "ಪಾಪ, ಇಂಥವರಿಗಾದ್ರೂ ಏನಾದ್ರೂ ವ್ಯವಸ್ಥೆ ಮಾಡಬಾರ್ದಾ?" ಎಂದು ಗಂಡನಿಗೆ ಹೇಳಿದಳು. ನಾನು ತಲೆ ತಗ್ಗಿಸಿದೆ.

ಫೋನ್ ಹೊಡೆದುಕೊಂಡಿತು. ವಿಡಿಯೋ ಕಾಲ್. ಬಂಡೆಯ ಮೇಲೆ ಬಾಳೆಲೆ ಹಾಸಿತ್ತು. ಅಕ್ಕಿರೊಟ್ಟಿ ಅರ್ಧ ಮುಗಿದಿತ್ತು. ಅತ್ತೆ ಬಂಡೆಯ ಮೇಲೆ ಕಾಲು ಚಾಚಿ ಕೂತು ಒಂದು ಕೈಯನ್ನು ಮರಕ್ಕೆ ಒತ್ತಿ ಹಿಡಿದಿದ್ದರು. ಬುಡದಿಂದ ಕೊಂಬೆಯವರೆಗೆ ಎಳೆಗಾಯಿ ಜೋತು ಬಿದ್ದಿದ್ದವು. ಅತ್ತೆ ಅಳುತ್ತಿದ್ದರು, ನಗುತ್ತಲೂ ಇದ್ದರು.

"ಅಳೀಮಯ್ಯ, ಇದು ಹಲಸು. ಎಲೆ ನೋಡ್ಕೊಳಿ, ಕಾಯಿ ನೋಡ್ಕೊಳಿ. ಇನ್ನೊಂದ್ಸಲ ಮರೀಬೇಡಿ."

"ಹೂಂ ಅತ್ತೆ" ಎಂದೆ.

"ನಿಮ್ಮಿಂದ್ಲೇ ನೋಡಿದ ಹಾಗಾಯ್ತು ನೋಡಿ."

ನನ್ನ ಎದೆ ಉಬ್ಬಿತು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಮರೆತುಹೋಯಿತು. "ನಾನೇನು ಮಾಡಿದೆ ಅತ್ತೆ, ಬಿಡಿ" ಎಂದೆ, ಇನ್ನಷ್ಟು ಕೇಳುವ ಆಸೆಯಿಂದ.

"ಅಯ್ಯೋ, ನೀವು ಬೀಳ್ದೇ ಇದ್ದಿದ್ರೆ ಆ ಟ್ರ್ಯಾಕ್ಟರ್ ನಮ್ಮ ಕಣ್ಣಿಗೆ ಬೀಳ್ತಿತ್ತಾ?"

ಹಾಗಾಗಿ ಮೊದಲೇ ಹೇಳಿದೆ, ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಬಿದ್ದಾದರೂ ಉಳಿಸಿಕೊಳ್ಳುತ್ತೇನೆ.